ಹೊಸ ಸೆಲ್ಫ್ ಮೋಟರು

ಬಸವಕಲ್ಯಾಣದ ಲಾರಿ ಮಾಲೀಕ ಸಲಾವುದ್ದೀನನಿಗೆ ಜೀವನದಲ್ಲಿ ಎರಡೇ ಭಯ. ಲಾರಿ ಚಾಲೂ ಆಗದಿದ್ದರೆ ಎಂಬುದು ಒಂದು. ಅದು ಹೆಂಡತಿ ದಿಲ್ಶಾದ್ ಬೇಗಂಗೆ ಗೊತ್ತಾದರೆ ಎಂಬುದು ಇನ್ನೊಂದು. ಆ ಭಾನುವಾರ ಎರಡೂ ಒಟ್ಟಿಗೇ ವಕ್ಕರಿಸಿದವು. ಇಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟರು ಕೈಕೊಟ್ಟಿತ್ತು. ಶುಕ್ರವಾರ ಮಗಳು ಮೆಹರೀನಳ ಮದುವೆಯ ಮಂಚ, ಅಲ್ಮಾರಿ, ಪಾತ್ರೆಗಳೆಲ್ಲ ಅದೇ ಲಾರಿಯಲ್ಲಿ ಹುಲಸೂರಿನ ಬೀಗರ ಮನೆ ಸೇರಬೇಕು.

"ಈ ಸರ್ತಿ ಹೊಸಾದೇ ತರಬೇಕು ನೋಡ್ರಿ. ನಮ್ಮ ವಸೀಮನ ಶಾದಿ ನೆನಪದ ಇಲ್ಲೋ?" ಎಂದಳು ದಿಲ್ಶಾದ್ ಬೇಗಂ.

ಮರೆಯುವುದುಂಟೆ! ಅವಳ ತಮ್ಮನ ಮದುವೆಯ ದಿನ ಇದೇ ಲಾರಿ ಚಿಟಗುಪ್ಪದ ಬಜಾರಿನಲ್ಲಿ ನಿಂತುಬಿಟ್ಟಿತ್ತು; ಮದುಮಗನೇ ಮುಖದ ಮೇಲಿನ ಹೂವಿನ ಸೆಹರಾ ಸರಿಸಿಕೊಂಡು ದಬ್ಬಿದ್ದ. (ಆ ವಿಡಿಯೊ ನೆಂಟರ ಮೊಬೈಲುಗಳಲ್ಲಿ ಇಂದಿಗೂ ಚಿರಂಜೀವಿ.)

"ನಿನ್ನ ಕಸಂ, ಹೊಸಾದೇ ತರ್ತೀನಿ!"

ಅಂದೇ ಓಣಿಗೆ ಪಾತ್ರೆಗಳ ಮೇಲೆ ಹೆಸರು ಹಾಕುವವನು ಬಂದಿದ್ದ. ದಿಲ್ಶಾದ್ ಬೇಗಂ ಕೊಡ, ಡಬರಿ, ಚಮಚ ಒಂದನ್ನೂ ಬಿಡದೆ ಹೆಸರು ಹಾಕಿಸುತ್ತ ಕುಳಿತಳು. ಬಿಚ್ಚಿದ ಸೆಲ್ಫ್ ಅಲ್ಲೇ ಅಂಗಳದಲ್ಲಿ ಬಿದ್ದಿತ್ತು. ಮರುದಿನ ಸಲಾವುದ್ದೀನ್ ಅದನ್ನು ಚೀಲಕ್ಕೆ ತುರುಕಿ ಹುಮನಾಬಾದಿನ ಬಸ್ಸು ಹತ್ತಿದ.

ಅಲ್ಲಿ ಲಾರಿ ಬಿಡಿಭಾಗ ಮಾರುವ ಬಕ್ಕಪ್ಪನ ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿದ ಕೂಡಲೇ ಹೆಂಡತಿಯ ಮೇಲಿಟ್ಟ ಕಸಂ ಅಲುಗಾಡತೊಡಗಿತು.

"ಹೊಸಾದು ಯಾಕ್ರಿ?" ಎಂದ ಬಕ್ಕಪ್ಪ. "ಹಳೇದು ಬಿಟ್ಟು ಹೋಗ್ರಿ. ಬುಧವಾರ ಹೈದರಾಬಾದಿಂದ ರಿಪೇರಿಯಾಗಿ ತಯಾರಾದ ಮಾಲ್ ಬರ್ತದ, ಅದರಾಗ ಒಂದು ಒಯ್ರಿ. ಒಳಗ ಎಲ್ಲಾ ಹೊಸಾದೇ. ಮ್ಯಾಲಿನ ಡಬ್ಬಿ ಅಷ್ಟೇ ಹಳೇದು."

"ನಮ್ಮಾಕಿ ಮ್ಯಾಲಿಂದೇ ನೋಡ್ತಾಳಪ್ಪಾ!"

"ಬಣ್ಣ ಹೊಡೆದು ಹೊಸಾದರ ಖೋಕಾದಾಗ ಹಾಕಿ ಕೊಡ್ತೀನಿ, ಬಿಡ್ರಿ."

ಬುಧವಾರ ರಟ್ಟಿನ ಖೋಕಾ ಮನೆಗೆ ಬಂತು. ಬೆಳ್ಳಿಬಣ್ಣದ ಸೆಲ್ಫ್ ಮದುಮಗಳಿಗಿಂತ ಹೆಚ್ಚು ಹೊಳೆಯುತ್ತಿತ್ತು. ದಿಲ್ಶಾದ್ ಬೇಗಂ ಅದರ ಮೈಸವರಿದಳು. ಒಂದು ಕಡೆ ಬೆರಳು ತಡೆಯಿತು. ಚಮಚದಿಂದ ಕೆರೆದಳು. ಬಣ್ಣದ ಕೆಳಗಿಂದ ಚುಕ್ಕಿ ಚುಕ್ಕಿಯಾಗಿ ಅಕ್ಷರಗಳು ಎದ್ದವು: 'ದಿಲ್ಶಾದ್ ಬೇಗಂ, ಬಸವಕಲ್ಯಾಣ.'

"ಐತವಾರ ಕೊಡದ ಜೋಡಿ ಇದಕ್ಕೂ ಹಾಕಿಸಿದ್ದೆ. ಯಾರರೆ ಒಯ್ದಾರಂತ," ಎಂದಳು.

ಹೆಂಡತಿಗೆ ಮೋಸ ಮಾಡಲು ಹೋದ ಸಲಾವುದ್ದೀನನಿಗೆ ಬಕ್ಕಪ್ಪ ಅವನದೇ ಹಳೆಯ ಮಾಲನ್ನು ತೊಳೆದು ಬಳಿದು ಕೊಟ್ಟಿದ್ದ! ಈಗ ಮನೆಯ ಸೂರೇ ಹಾರಿಹೋಗುತ್ತದೆ ಎಂದುಕೊಂಡ. ಅವಳು ಬೈಯಲೇ ಇಲ್ಲ.

"ಹೊಸಾದು ಅಂದ್ರಲ್ಲ? ಲಾರಿಗೆ ಹಚ್ಚರಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಎರಡು ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ.

ಶುಕ್ರವಾರ, ತೊಳೆದ ಗುಣವೋ ಏನೋ, ಲಾರಿ ಒಂದೇ ಏಟಿಗೆ ಚಾಲೂ ಆಗಿ ಹುಲಸೂರು ಮುಟ್ಟಿತು. ಸಾಮಾನು ಇಳಿಯಿತು, ಬಿರಿಯಾನಿ ಆಯಿತು. ಮಗಳ ಮಾನ ಉಳಿಯಿತೆಂದು ನಿಟ್ಟುಸಿರಿಟ್ಟು ಸಲಾವುದ್ದೀನ್ ವಾಪಸು ಹೊರಡಲು ಚಾವಿ ತಿರುಗಿಸಿದ. ಟಕ್. ಮತ್ತೆ ತಿರುಗಿಸಿದ. ಟಕ್.

ಅಳಿಯ ಅಜೀಮ್ ಮತ್ತು ನಾಲ್ಕಾರು ಬೀಗರು ಅಂಗಿಯ ತೋಳು ಮಡಚಿಕೊಂಡು ಓಡಿಬಂದರು. ದಿಲ್ಶಾದ್ ಬೇಗಂ ಕ್ಯಾಬಿನ್ನಿನಿಂದ ಕೈಯೆತ್ತಿ ತಡೆದಳು.

"ನೀವ್ಯಾರೂ ಕೈ ಹಚ್ಚಬ್ಯಾಡ್ರಿ. ನನ್ನ ಕಸಂ ಹಾಕಿ ಹೊಸಾ ಸೆಲ್ಫ್ ತಂದಾರ. ಇವರೊಬ್ಬರೇ ದಬ್ಬತಾರ."

ಹೊಸ ಶೇರ್ವಾನಿಯಲ್ಲಿ ಸಲಾವುದ್ದೀನ್ ಲಾರಿಗೆ ಹೆಗಲು ಕೊಟ್ಟ. ಲಾರಿ ಒಂದಿಂಚೂ ಕದಲಲಿಲ್ಲ. ತಲೆಯೆತ್ತಿ ನೋಡಿದರೆ ಮಾಳಿಗೆಯ ಮೇಲೆ ಆರೇಳು ಮೊಬೈಲುಗಳು ಆಗಲೇ ಅವನತ್ತ ತಿರುಗಿದ್ದವು. ಎಲ್ಲಕ್ಕಿಂತ ಮುಂದೆ ನಿಂತಿದ್ದವನು ವಸೀಮ್.