ಅತ್ತೆಯ ಮನೆಯಲ್ಲಿ ನನ್ನ ಬಾಣಂತನ

ಗಂಡಸರಲ್ಲಿ ಬಾಣಂತನ ಮಾಡಿಸಿಕೊಂಡವರು ಬಹಳ ಮಂದಿ ಇರಲಿಕ್ಕಿಲ್ಲ. ಇದ್ದರೂ ಬಾಯಿಬಿಟ್ಟು ಹೇಳಲಾರರು. ನಾನು ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಎಚ್ಚರಿಕೆ ಕೊಡಬೇಕು. ನನ್ನ ನೆನಪು ಬಹಳ ಮರ್ಯಾದಸ್ಥ. ಯಾರೋ ನೋಡಲು ಬರುತ್ತಾರೆಂದರೆ ಸಾಕು, ಹಳೆಯ ಅರಿವೆಯನ್ನೆಲ್ಲ ಮಂಚದ ಕೆಳಗೆ ತಳ್ಳಿ, ನೆಲ ಸಾರಿಸಿ, ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಲ್ಲುತ್ತದೆ. ಆದ್ದರಿಂದ ಕಥೆ ಎಲ್ಲಿ ತೀರ ಒಪ್ಪವಾಗಿ ಕಾಣುತ್ತದೆಯೋ ಅಲ್ಲಿ ಓದುವವರು ಬಗ್ಗಿ ಮಂಚದ ಕೆಳಗೊಮ್ಮೆ ನೋಡುವುದು ಒಳ್ಳೆಯದು. ನನ್ನ ಹೆಂಡತಿ ನೀಲಾ ಆಗಾಗ ನೋಡುತ್ತಾಳೆ. ಬರಿಗೈಯಲ್ಲಿ ಎದ್ದದ್ದು ನನಗೆ ಗೊತ್ತಿಲ್ಲ.

ಆಗ ನಾನು ಜಮಖಂಡಿಯಲ್ಲಿ, ಸಂಸ್ಥಾನದ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ನೀಲಾ ಚೊಚ್ಚಲ ಹೆರಿಗೆಗೆಂದು ರಬಕವಿಗೆ, ತವರುಮನೆಗೆ ಹೋಗಿದ್ದಳು. ಇತ್ತ ಕೈಯಾರೆ ಅನ್ನ ಬೇಯಿಸಿಕೊಂಡು ತಿನ್ನುತ್ತಿದ್ದ ನನಗೆ ಜ್ವರ ಬಂತು. ನನ್ನ ಅಡಿಗೆ ತಿಂದ ಮೇಲೆ ಜ್ವರಕ್ಕೂ ಬೇಸರವಾಗಬೇಕಿತ್ತು, ಆದರೆ ಅದು ಬಹಳ ದಿನ ಇತ್ತು. ಕಡೆಗೆ ಬಿಟ್ಟುಹೋಗುವಾಗ ನನ್ನ ಕಾಲಿನ ಬಲವನ್ನೂ ಕೈಯ ಹಿಡಿತವನ್ನೂ ಜೊತೆಗೆ ಒಯ್ದಿತು. ಶಾಲೆಗೆ ಹೋಗಿ ಹಲಗೆಯ ಮೇಲೆ ‘ಅರಸ’ ಎಂದು ಬರೆದರೆ ಮಕ್ಕಳು ಅದನ್ನು ಘಟಪ್ರಭಾ ನದಿಯ ನಕಾಶೆಯೆಂದು ತಿಳಿದು ತಮ್ಮ ಪಾಟಿಗೆ ಇಳಿಸಿಕೊಂಡರು. ಈ ಸುದ್ದಿ ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಚಕ್ಕಡಿ ಬಂದು ಬಾಗಿಲಲ್ಲಿ ನಿಂತಿತು. ನಾನು ರಬಕವಿ ಮುಟ್ಟುವ ಹೊತ್ತಿಗೆ ಮಗಳು ಹುಟ್ಟಿದ್ದಳು.

ರಬಕವಿ, ಬನಹಟ್ಟಿ ಒಂದಕ್ಕೊಂದು ಅಂಟಿಕೊಂಡ ಊರುಗಳು. ಇಲ್ಲಿ ಒಲೆ ಹೊತ್ತಿಸಿದರೆ ಅಲ್ಲಿ ಕಣ್ಣುರಿ. ಆದರೂ ಆಗ ಎರಡಕ್ಕೂ ದೊರೆಗಳು ಬೇರೆ ಬೇರೆ. ಎರಡೂ ಕಡೆ ಒಂದೇ ಸಮನಾಗಿ ನಡೆಯುತ್ತಿದ್ದದ್ದು ಮಗ್ಗದ ಸಪ್ಪಳ ಮತ್ತು ನಮ್ಮ ಅತ್ತೆಯ ಮಾತು. ಅತ್ತೆಗೆ ಗೊತ್ತಿದ್ದ ಚಿಕಿತ್ಸೆ ಒಂದೇ, ಬಾಣಂತನ. “ಹಡದರೇನು, ಜ್ವರಾ ಬಂದು ಹೋದರೇನು, ಮೈ ಹಗುರ ಆತಂದ್ರ ಮತ್ತ ಕಟ್ಟೂ ರೀತಿ ಒಂದರಿ ಅಳಿಯಾರ” ಎಂದು ಹೇಳಿ, ಪಡಸಾಲೆಯ ನಡುವೆ ಹಗ್ಗ ಕಟ್ಟಿ ಒಂದು ಸೀರೆ ಇಳಿಬಿಟ್ಟರು. ಆಚೆ ಮಗ್ಗುಲಲ್ಲಿ ನೀಲಾ ಮಲಗುವ ಹೊರಸು, ಈಚೆ ಮಗ್ಗುಲಲ್ಲಿ ನನ್ನದು. ಅವಳ ಕಿವಿಗೆ ಹತ್ತಿ ಇಟ್ಟರೆ ನನ್ನ ಕಿವಿಗೂ ಹತ್ತಿ. ಅವಳ ತಲೆಗೆ ಅರಿವೆ ಕಟ್ಟಿದರೆ ನನ್ನ ತಲೆಗೂ ಅರಿವೆ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಅದರ ಮೇಲೆ ಅಜವಾನದ ಹೊಗೆ. ನನ್ನನ್ನು ನೋಡಲು ಬಂದವರು ಮೊದಲು ಕೆಮ್ಮಿ ಆಮೇಲೆ ಯೋಗಕ್ಷೇಮ ಕೇಳುತ್ತಿದ್ದರು. ಮುಂಜಾನೆ ಎದ್ದರೆ ಒಂದು ಅಂಟಿನ ಉಂಡಿ. ಉತ್ತತ್ತಿ, ಒಣ ಕೊಬ್ಬರಿ, ಗಸಗಸೆ, ಮಹಾಲಿಂಗಪುರದ ಬೆಲ್ಲ ಎಲ್ಲ ಕೂಡಿದ ಆ ಉಂಡಿಯನ್ನು ಇನ್ನೊಬ್ಬರ ಮನೆಯಲ್ಲಿ ಗಂಡಸು ಕೇಳಿ ಪಡೆಯುವಂತಿಲ್ಲ. ನಾನು ಕೇಳದೆಯೇ ತಿಂದೆ.

ಅತ್ತೆ ಬೇಡವೆಂದದ್ದು ಓದನ್ನು ಮಾತ್ರ. “ಬಾಣಂತನದಾಗ ಓದಿದರ ಕಣ್ಣು ಹೋಗತಾವು” ಎಂದು ನನ್ನ ಪುಸ್ತಕವನ್ನು ಕಾಳಿನ ಗಡಿಗೆಯ ಹಿಂದೆ ಇಟ್ಟರು.

“ನಾ ಬಾಣಂತಿ ಅಲ್ಲರಿ ಅತ್ತಿ.”

“ಕಣ್ಣಿಗೇನು ಗೊತ್ತರಿ ಅದು?”

ಸೀರೆಯ ಆಚೆಯಿಂದ ನೀಲಾ ನಕ್ಕಳು. “ಏನ್ರೀ, ನಿಮ್ಮ ಹೆರಿಗಿ ಸುಸೂತ್ರ ಆತಿಲ್ಲೋ? ನನಗ ಮಗಳು. ನಿಮಗೇನು?”

“ಅಂಟಿನ ಉಂಡಿ” ಎಂದೆ. ಕಷ್ಟವೂ ಅದೇ ಆಗಿತ್ತು. ಮಗಳು ಸೀರೆಯ ಆಚೆ ಇದ್ದಳು. ಅಳುವುದು ಕೇಳುತ್ತಿತ್ತು, ಸೀನುವುದು ಕೇಳುತ್ತಿತ್ತು. ದಿನಕ್ಕೊಮ್ಮೆ ಅತ್ತೆ ಅವಳನ್ನು ತಂದು, ದೇವರ ಮೂರ್ತಿಯನ್ನು ತೋರಿಸುವಂತೆ ದೂರದಿಂದ ತೋರಿಸಿ ಒಳಗೆ ಒಯ್ಯುತ್ತಿದ್ದರು. ಕೈ ಚಾಚಿದರೆ ನನ್ನ ಬೆರಳುಗಳು ಪಟಾಕಿಗೆ ಹೆದರಿದ ಕೋಳಿಯ ಹಾಗೆ ಕುಣಿಯುತ್ತಿದ್ದವು. “ಈ ಕೈಯಾಗ ಕೂಸು ಕೊಡಲ್ಯಾ? ನೀರಿನ ತಂಬಿಗಿ ಸೈತ ಕೊಡಾಂಗಿಲ್ಲ” ಎಂದರು. ಕೇಳಿಕೊಂಡೆ. ಬಹಳ ಕೇಳಿಕೊಂಡೆ. ಕಡೆಗೆ ನೇಕಾರರ ಮನೆಯವರಷ್ಟೇ ಇಡಬಹುದಾದ ಪರೀಕ್ಷೆಯೊಂದನ್ನು ಇಟ್ಟರು. ಮಾವನ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಹರಿದ ಒಂದು ಎಳೆಗೆ ನಾನು ಗಂಟು ಹಾಕಬೇಕು. ಹಾಕುವಾಗ ಮಗ್ಗುಲಿನ ಎಳೆ ಹರಿಯಬಾರದು. “ಹಂಗ ಹಾಕಿದ ದಿವಸ ಕೂಸು ನಿಮ್ಮ ಉಡ್ಯಾಗ.”

ಅಂದಿನಿಂದ ನನ್ನ ದೇಹಕ್ಕೆ ಒಂದು ಗುರಿ ಬಂತು. ಅತ್ತೆ ಅಳಿಯನ ಮೈಗೆ ಎಣ್ಣೆ ಹಚ್ಚುವಂತಿಲ್ಲವಲ್ಲ, ಅದಕ್ಕೆ ಗರಡಿಮನೆಯ ಮಲ್ಲಪ್ಪನನ್ನು ಕರೆಸಿದರು. ಮಲ್ಲಪ್ಪ ವಯಸ್ಸಾದ ಪೈಲ್ವಾನ. ಅವನಿಗೆ ಎಣ್ಣೆ ಹಚ್ಚಿ ಗೊತ್ತಿದ್ದದ್ದು ಪೈಲ್ವಾನರಿಗೆ; ಮಾಸ್ತರರಿಗೆ ಎಷ್ಟು ಒತ್ತಬೇಕೆಂಬುದರ ಅಂದಾಜು ಇರಲಿಲ್ಲ. ಹಿತ್ತಲಲ್ಲಿ ನನ್ನನ್ನು ಬೋರಲು ಮಲಗಿಸಿ, ಬಿಸಿ ಎಳ್ಳೆಣ್ಣೆ ಸುರಿದು, “ಎಲುವು ಎಲ್ಲೆಲ್ಲಿ ಅದಾವಂತ ಹುಡುಕೂದು ಬ್ಯಾಡ ನೋಡ್ರಿ ಮಾಸ್ತರ, ಎಲ್ಲಾ ಮ್ಯಾಲ ಕಾಣತಾವು” ಎಂದು ಮೆಚ್ಚಿ ಕೆಲಸಕ್ಕೆ ಕೈ ಹಚ್ಚುತ್ತಿದ್ದ. ನಾನು ಕೂಗಿದರೆ ಪಡಸಾಲೆಯಿಂದ ನೀಲಾ, “ಯವ್ವಾ, ಅವರಿಗೆ ಬ್ಯಾನಿ ಸುರು ಆದುವು ನೋಡ” ಎನ್ನುತ್ತಿದ್ದಳು. ಆಮೇಲೆ ಬೈಠಕ್. ಕುಳಿತು ಏಳುವುದು ಇಷ್ಟು ದೊಡ್ಡ ವಿದ್ಯೆಯೆಂದು ತಿಳಿಯದೆ, ಎಷ್ಟು ಹುಡುಗರಿಗೆ ನಾನು ಅದನ್ನು ಶಿಕ್ಷೆಯಾಗಿ ಕೊಟ್ಟಿದ್ದೆ! ನಾನು ಕುಳಿತರೆ ಏಳುತ್ತಿರಲಿಲ್ಲ. ಮಲ್ಲಪ್ಪ ಜುಟ್ಟು ಹಿಡಿದು ಎಬ್ಬಿಸುತ್ತಿದ್ದ. ಕಡೆಗೆ ಬಚ್ಚಲಲ್ಲಿ ಕುದಿಯುವ ನೀರು. ಮಿಂದು ಬಂದು ಅಗ್ಗಿಷ್ಟಿಕೆಯ ಮೇಲಿನ ಹೊರಸಿನಲ್ಲಿ ಬಿದ್ದುಕೊಂಡರೆ ಬರುತ್ತಿದ್ದ ನಿದ್ದೆಯನ್ನು ನೆನೆದರೆ ಈಗಲೂ ಆಕಳಿಕೆ ಬರುತ್ತದೆ. ನನ್ನನ್ನು ಹೆತ್ತ ತಾಯಿ ನಾನು ಚಿಕ್ಕವನಿದ್ದಾಗಲೇ ಹೋಗಿದ್ದಳು. ಹೀಗೆ ಯಾರಾದರೂ ನನ್ನ ಮೈಯನ್ನು ಒಂದು ಕೆಲಸವೆಂದು ಹಚ್ಚಿಕೊಂಡದ್ದು ಅದೇ ಮೊದಲು.

ಮಧ್ಯಾಹ್ನ ಮಗ್ಗದ ಪಾಠ. ಮಾವ ಮಾತು ಕಡಿಮೆಯ ಮನುಷ್ಯ. ಆಡಬೇಕಾದ್ದನ್ನೆಲ್ಲ ಲಾಳಿ ಆಡುತ್ತದೆಂದು ಬಿಟ್ಟವರು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನನ್ನನ್ನು ಕೂರಿಸಿ, ತುಳಿಮಣೆ ತುಳಿಸಿ ಕಾಲಿಗೆ ಬಲ ಬರಿಸಿದರು. ಆಮೇಲೆ ಬೆರಳಿನ ಪಾಠ. ಹರಿದ ತುದಿಯನ್ನು ಹೊಸ ಎಳೆಯ ಜೊತೆ ಚಿಟಿಕೆಯಲ್ಲಿ ಹಿಡಿದು ಹೊಸೆದು ಗಂಟು ಬೀಳಿಸಬೇಕು. ಅವರಿಗೆ ಅದು ಕಣ್ಣು ಮಿಟುಕಿಸಿದ ಹಾಗೆ. ನಾನು ಒಂದನ್ನು ಹಿಡಿಯಲು ಹೋಗಿ ಅದರ ನೆರೆಹೊರೆಯನ್ನೆಲ್ಲ ಹರಿದು ಕೂರುತ್ತಿದ್ದೆ. “ಅಳಿಯಾರ, ಈ ಸೀರಿ ನಿಮ್ಮ ಮಗಳ ಲಗ್ನಕ್ಕರ ಮುಗೀತೈತೇನು?” ಎಂದು ಒಂದು ದಿನ ಕೇಳಿದರು. ಅವರು ಆಡಿದ ಅತಿ ಉದ್ದದ ಮಾತು ಅದು. ಪಾಪ ಅನ್ನಿಸಿ ಇನ್ನೊಂದು ದಿನ ತಾವೇ ಗಂಟು ಹಾಕಿ, ಅಳಿಯ ಹಾಕಿದ್ದೆಂದು ಅತ್ತೆಗೆ ತೋರಿಸಿದರು. ಅತ್ತೆ ಬಗ್ಗಿ ನೋಡಿ, “ಇದು ನಿಮ್ಮ ಗಂಟ್ರಿ. ಇಷ್ಟು ವರ್ಷ ನಾ ಯಾರ ಜೋಡಿ ಬಾಳೇ ಮಾಡೇನಿ?” ಎಂದರು. ನಾವಿಬ್ಬರೂ ತಲೆ ತಗ್ಗಿಸಿದೆವು.

ಆ ಮುಂಜಾನೆ ಹೀಗಾಯಿತು. ನೀಲಾ ಬಚ್ಚಲಲ್ಲಿದ್ದಳು, ಮಾವ ಬನಹಟ್ಟಿಗೆ ನೂಲು ತರಲು ಹೋಗಿದ್ದರು, ಮಲ್ಲಪ್ಪ ಇನ್ನೂ ಬಂದಿರಲಿಲ್ಲ. ಅತ್ತೆಯ ತೋಳಲ್ಲಿ ಕೂಸು, ಒಲೆಯ ಮೇಲೆ ಉಂಡಿಗೆಂದು ಇಟ್ಟ ಬೆಲ್ಲದ ಪಾಕ. ಕೂಸು ನಸುಕಿನಿಂದ ಅಳುತ್ತಿತ್ತು. ತೊಟ್ಟಿಲಿಗೂ ಹೆಗಲಿಗೂ ಜಗ್ಗಿರಲಿಲ್ಲ. ಪಾಕ ಎಳೆ ಬರುವ ಹೊತ್ತು ಯಾರಿಗೂ ಕಾಯುವುದಿಲ್ಲ. “ಅಯ್ಯ, ಪಾಕ ಏರಾಕತ್ತೈತಿ!” ಎಂದವರೇ ಅತ್ತೆ, ಎದುರಿಗೆ ಏನಿದೆ ಎಂದು ನೋಡದೆ, ಕೂಸನ್ನು ಇಟ್ಟರು. ಎದುರಿಗೆ ಇದ್ದದ್ದು ನಾನು.

ಕೈ ನಡುಗಿದವು. ಅಷ್ಟು ಯಾವತ್ತೂ ನಡುಗಿರಲಿಲ್ಲ. ಎದೆಗೆ ಒತ್ತಿಕೊಂಡು ನೆಲಕ್ಕೆ ಕುಳಿತುಬಿಟ್ಟೆ, ಬಿದ್ದರೂ ದೂರ ಬೀಳದಿರಲೆಂದು. ಮಗಳು ಒಮ್ಮೆ ಬಿಕ್ಕಿದಳು, ನನ್ನ ತಲೆಗೆ ಕಟ್ಟಿದ ಅರಿವೆಯನ್ನು ನೋಡಿದಳು. ಆಮೇಲೆ ಆ ನಡುಕದಲ್ಲಿ ಸಣ್ಣಗೆ ಅಲುಗುತ್ತ ಅಲುಗುತ್ತ ನಿದ್ದೆ ಹೋದಳು.

ಸೌಟು ಹಿಡಿದುಕೊಂಡೇ ಹೊರಗೆ ಬಂದ ಅತ್ತೆ ನೋಡಿ ನಿಂತರು. “ಏ ನೀಲಾ, ಲಗೂನ ಬಾ ಇಲ್ಲೆ. ಯಾ ತೊಟ್ಟಲಾ ಇಂಥಾ ಕೆಲಸ ಮಾಡೀತ ಹೇಳ? ಅಳಿಯಾರ, ನಿಲ್ಲಿಸಬ್ಯಾಡ್ರಿ, ಹಂಗ ನಡುಗಸ್ಕೋತ ಕೂಡ್ರಿ!” ಅಷ್ಟರಲ್ಲಿ ಬಂದ ಮಲ್ಲಪ್ಪನಿಗೆ ಹೊಸ ಅಪ್ಪಣೆಯಾಯಿತು: “ಇವತ್ತಿಂದ ಕಾಲಿಗೆ ಅಷ್ಟ ಎಣ್ಣಿ ಹಚ್ಚಪಾ. ಕೈ ಮುಟ್ಟಬ್ಯಾಡ, ಛಲೋ ಆಗಿಬಿಡತಾವು.”

ಮಗ್ಗದ ಪರೀಕ್ಷೆಯನ್ನು ಅಲ್ಲಿಗೆ ಎಲ್ಲರೂ ಮರೆತರು. ಮಗ್ಗದ ಹಾಸು ಬದುಕಿಕೊಂಡಿತು. ಜಮಖಂಡಿಗೆ ಮರಳಿದಾಗ ನನ್ನ ತುಂಬಿದ ಗಲ್ಲ ನೋಡಿ ಹೆಡ್ ಮಾಸ್ತರರು, “ಏನ್ರೀ, ಹಡದವರು ಯಾರು?” ಎಂದರು. ಇನ್ನೂ ತೀರ್ಮಾನ ಆಗಿಲ್ಲವೆಂದೆ.

ನೀಲಾ ಮಾತ್ರ ಆ ಮುಂಜಾನೆಯ ಕಥೆಯನ್ನು ಒಪ್ಪುವುದಿಲ್ಲ. ಆ ಹೊತ್ತಿಗೆ ಜ್ವರದ ನಡುಕ ಹೋಗಿತ್ತಂತೆ. ಅವತ್ತು ನಾನು ನಡುಗಿದ್ದು ಬರೀ ಹೆದರಿಕೆಯಿಂದಂತೆ. ಇರಬಹುದು. ಯಾವ ನಡುಕ ಎಂದು ಮಗಳು ವಿಚಾರಿಸಲಿಲ್ಲ, ನಾನೂ ವಿಚಾರಿಸಲಿಲ್ಲ.

ಮುಂದೆ ಎರಡನೆಯ ಕೂಸು ಹುಟ್ಟಿದಾಗ ನನ್ನ ಕೈ ಗಟ್ಟಿಯಾಗಿದ್ದವು, ಅತ್ತೆಯ ಕೈ ನಡುಗತೊಡಗಿದ್ದವು. ಮೊಮ್ಮಗನನ್ನು ಎತ್ತಿಕೊಳ್ಳದೆ ದೂರ ಕೂತು ನೋಡುತ್ತಿದ್ದರು. ನಾನು ಒಯ್ದು ಅವರ ಉಡಿಯಲ್ಲಿ ಇಟ್ಟೆ. “ಬ್ಯಾಡ್ರಿ ಅಳಿಯಾರ, ಕೈ ನಡುಗತಾವು” ಎಂದರು. “ಅದಕ್ಕ ಕೊಡಾಕತ್ತೇನ್ರಿ” ಎಂದೆ. ಅವರ ಬದಲಿಗೆ ಪಾಕ ನೋಡಲು ನಾನು ಒಲೆಯ ಮುಂದೆ ಹೋಗಿ ಕುಳಿತೆ. ಕೂಸು ಅಜ್ಜಿಯ ಕೈಯಲ್ಲಿ ತಕ್ಷಣ ಮಲಗಿತು. ನಾನು ಹಾಗೆಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನೀಲಾ ಹೇಳುವುದೇ ಬೇರೆ: ಕೂಸು ಕಣ್ಣು ಪಿಳಿಪಿಳಿ ಬಿಟ್ಟುಕೊಂಡೇ ಇತ್ತು, ಮಲಗಿದ್ದು ಅತ್ತೆ. ಒಲೆಯ ಮುಂದೆ ಇದ್ದ ನಾನು ಎರಡನ್ನೂ ನೋಡಿಲ್ಲ. ಪಾಕ ಹೊತ್ತಿದ್ದು ಮಾತ್ರ ಖರೆ. ಆ ಉಂಡಿಗಳನ್ನು ಬಾಣಂತಿಗೆ ಕೊಡಬಾರದೆಂದು ಎದ್ದ ಮೇಲೆ ಅತ್ತೆ ಅಪ್ಪಣೆ ಮಾಡಿದರು. ಎಲ್ಲವನ್ನೂ ನಾನೇ ತಿಂದೆ.