ಚರಂಡಿಗೆ ನನ್ನ ಪೂರ್ಣ ಬೆಂಬಲ

ಬೆಂಬಲ ಕೊಡುವಷ್ಟು ಸುಖದ ಕೆಲಸ ಪ್ರಪಂಚದಲ್ಲಿ ಇನ್ನೊಂದಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಸಾಲ ಕೊಟ್ಟರೆ ವಾಪಸು ಬರುವುದಿಲ್ಲ, ಬುದ್ಧಿ ಹೇಳಿದರೆ ಯಾರೂ ಕೇಳುವುದಿಲ್ಲ. ಬೆಂಬಲವೋ, ಕೂತಲ್ಲೇ ಕೂತು ಕೈ ಎತ್ತಿದರೆ ಮುಗಿಯಿತು. ಮೇಲಾಗಿ ಜನ ಚಪ್ಪಾಳೆಯನ್ನೂ ತಟ್ಟುತ್ತಾರೆ. ನನಗಂತೂ ಇದು ಚಿಕ್ಕಂದಿನ ಚಪಲ. ಅವ್ವ ಹುರುಳಿಕಾಳಿನ ಬಸ್ಸಾರು ಮಾಡುತ್ತೇನೆಂದರೆ ಬೆಂಬಲಿಸುತ್ತಿದ್ದೆ. ತಂಗಿ ಜಯ ಅದು ಬೇಡವೆಂದರೆ ಅದಕ್ಕೂ ಬೆಂಬಲವೇ. ಇಬ್ಬರೂ ತಮ್ಮ ಜಗಳ ಮುಗಿಸಿ ಕೊನೆಗೆ ಒಟ್ಟಾಗಿ ನನ್ನ ಮೇಲೆ ಬೀಳುತ್ತಿದ್ದರು.

ಅರವತ್ತರ ದಶಕದ ಕೊನೆಯ ಕಡೆ. ಹೊಳೆನರಸೀಪುರದ ಪೇಟೆಯಲ್ಲಿ ನನ್ನದೊಂದು ಜವಳಿ ಅಂಗಡಿ. ಎಲ್ಲೆಲ್ಲೂ ವ್ಯಾಪಾರಕ್ಕೆ ಮಂಕು ಬಡಿದಿದ್ದ ಕಾಲ ಅದು. ಗಿರಾಕಿಗಳಿಲ್ಲದೆ ನಾನು ಗಜಕಡ್ಡಿಯಿಂದ ಬೆನ್ನು ಕೆರೆದುಕೊಳ್ಳುತ್ತಾ ಕೂತಿರುತ್ತಿದ್ದೆ. ಹೀಗಿರುವಾಗ ಸುದ್ದಿ ಬಂತು. ಕೆಲಸವಿಲ್ಲದವರಿಗೆ ಕೆಲಸ ಕೊಡಲು ದಿಲ್ಲಿಯವರು ದುಡ್ಡು ಕಳಿಸುತ್ತಾರಂತೆ, ನಮ್ಮ ಮೈಸೂರು ರಾಜ್ಯದವರೂ ಬೆಂಬಲಿಸಿ ತಮ್ಮ ಪಾಲು ಹಾಕುತ್ತಾರಂತೆ, ಯಾವ ಬೀದಿಯವರು ಮೊದಲು ಒಪ್ಪಿಗೆ ಕೊಡುತ್ತಾರೋ ಅಲ್ಲೇ ಮೊದಲ ಕೆಲಸವಂತೆ. ಬೀದಿಯವರ ಸಭೆ ಸೇರಿತು. ನಾನು ಎದ್ದು ನಿಂತು, "ದಿಲ್ಲಿಯಿಂದ ಕೂಲಿ, ಕೂಲಿಯಿಂದ ಪಂಚೆ, ಪಂಚೆಯಿಂದ ಅಂಗಡಿ, ಅಂಗಡಿಯಿಂದ ದೇಶ! ಇದಕ್ಕೆ ನನ್ನ ಪೂರ್ಣ ಬೆಂಬಲ!" ಎಂದು ಗುಡುಗಿದೆ. ಆ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿದೆ.

ಚಪ್ಪಾಳೆಯ ಹಿಂದೆಯೇ ಗುದ್ದಲಿ ಬಂತು. ನಮ್ಮ ಬೀದಿಗೆ ಚರಂಡಿ ಮಂಜೂರಾಗಿತ್ತು. ಇಷ್ಟು ಚೆನ್ನಾಗಿ ಮಾತಾಡಿದವರ ಮನೆ ಮುಂದೆಯೇ ಶುರುವಾಗಲಿ ಎಂದು ಎಲ್ಲರೂ ಒಕ್ಕೊರಲಿನಿಂದ ಬೆಂಬಲಿಸಿದರು. ತೋಡುವ ಖರ್ಚು ದಿಲ್ಲಿಯದು, ಕಲ್ಲು ಕಟ್ಟಿ ಚಪ್ಪಡಿ ಮುಚ್ಚುವ ಖರ್ಚು ಬೆಂಗಳೂರಿನದು ಎಂದು ಗೊತ್ತಾಗಿದ್ದು ಆಮೇಲೆ. ಬೆಂಗಳೂರಿನಿಂದ ಬೆಂಬಲ ಬಂತು, ಚಪ್ಪಡಿ ಬರಲಿಲ್ಲ. ತೋಡಲು ಮಾತ್ರ ದುಡ್ಡಿದ್ದದ್ದರಿಂದ ಮೇಸ್ತ್ರಿ ರಂಗಯ್ಯ ಮತ್ತು ಅವನ ಆಳುಗಳು ತೋಡುತ್ತಲೇ ಇದ್ದರು. ಮೊದಲು ಅವರ ಮೊಣಕಾಲು ಕಾಣದಾಯಿತು, ಆಮೇಲೆ ಸೊಂಟ, ಕೊನೆಗೆ ರುಮಾಲು ಮಾತ್ರ ಉಳಿಯಿತು. ಜಯ ಸೆರಗು ಸಿಕ್ಕಿಸಿ ಒಂದೇ ನೆಗೆತಕ್ಕೆ ಅದನ್ನು ದಾಟುತ್ತಿದ್ದಳು. ನಾನು ಹಿತ್ತಲಿನಿಂದ ಇಳಿದು, ಪಕ್ಕದ ಮನೆಯ ದನದ ಕೊಟ್ಟಿಗೆಯೊಳಗೆ ನುಸುಳಿ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿನ ಎಮ್ಮೆಗೆ ನನ್ನ ಪರಿಚಯ ಚೆನ್ನಾಗಿಯೇ ಆಯಿತು.

ಇಂಥ ಹೊತ್ತಿನಲ್ಲಿ ಜಯಳನ್ನು ನೋಡಲು ಅರಕಲಗೂಡಿನಿಂದ ಗಂಡಿನ ಕಡೆಯವರು ಬರುತ್ತೇವೆಂದು ಹೇಳಿ ಕಳಿಸಿದರು. ನಮ್ಮ ಜಯ ಚಿನ್ನದಂಥ ಹುಡುಗಿ. ಆದರೆ ಹಿಂದೆ ನೋಡಲು ಬಂದವರೆಲ್ಲ 'ಹುಡುಗಿ ಸ್ವಲ್ಪ ಜೋರು' ಎಂದು ಜಾರಿಕೊಂಡಿದ್ದರು. ಇದೂ ತಪ್ಪಿದರೆ ಗತಿಯೇನೆಂದು ಅವ್ವನಿಗೆ ನಿದ್ದೆಯಿಲ್ಲ. ಹಿತ್ತಲಿನಿಂದ ಕರೆತರೋಣ ಎಂದೆ, ಅಷ್ಟೇ. "ಎಣ್ಣು ನೋಡಕ್ಕೆ ಬಂದೋರು ಮುಂಬಾಗ್ಲಲ್ಲಿ ಬಲಗಾಲಿಟ್ಟು ಬರ್ಬೇಕು ಕಣ್ಲಾ! ಎಮ್ಮೆ ಸಂದೀಲಿ ನುಗ್ಗುಸ್ಕೊಂಡು ಬತ್ತೀಯಾ?" ಎಂದು ಅವ್ವ ಹರಿಹಾಯ್ದಳು. ಜಯಳಿಗೂ ಅಪ್ಪಣೆಯಾಯಿತು: ತಲೆ ಎತ್ತಬಾರದು, ಮಾತಾಡಬಾರದು, ಮುಖ್ಯವಾಗಿ ನೆಗೆಯಬಾರದು.

ಚರಂಡಿಗೆ ಒಂದು ಹಲಗೆ ಹಾಕಿದೆವು. ಬಂದವರು ಮೂವರು: ಹುಡುಗ, ಅವನ ತಾಯಿ, ಸೋದರಮಾವ ನಿಂಗೇಗೌಡರು. ನಿಂಗೇಗೌಡರದು ಭಾರಿ ಆಳು. ಅವರು ಬಲಗಾಲನ್ನೇ ಇಟ್ಟರು. ಹಲಗೆ ಲಟಕ್ಕೆಂದಿತು. ಅವರು ಕಾಲು ಹಿಂದಕ್ಕೆ ತೆಗೆದು, "ನಾವು ಇಲ್ಲೇ ಕುಂತ್ಕತೀವಿ ಬುಡಿ" ಎಂದರು. ಎದುರು ಮನೆಯಿಂದ ಕುರ್ಚಿ ತರಿಸಿದ್ದಾಯಿತು. ಅತ್ತ ಬೀದಿಯಲ್ಲಿ ಗಂಡಿನವರು, ಇತ್ತ ಜಗಲಿಯಲ್ಲಿ ನಾವು, ನಡುವೆ ದಿಲ್ಲಿಯ ಗುಂಡಿ.

ಉಪ್ಪಿಟ್ಟಿನ ತಟ್ಟೆ ದಾಟಿಸುವುದು ಹೇಗೆ? ಗುಂಡಿಯೊಳಗಿದ್ದ ರಂಗಯ್ಯನ ಕೈಗೆ ಕೊಟ್ಟೆ. ಮೇಲಿನಿಂದ ಕೊಟ್ಟದ್ದು ತಮಗೇ ಎಂದು ಅವನೂ ಅವನ ಆಳುಗಳೂ ತಿಳಿದದ್ದರಲ್ಲಿ ತಪ್ಪೇನಿದೆ? ಮೂರು ತಟ್ಟೆ ಇಳಿದವು, ಆಚೆಗೆ ಒಂದೂ ಏರಲಿಲ್ಲ. ದಿಲ್ಲಿಯ ದುಡ್ಡು ದಾರಿಯಲ್ಲಿ ಏನಾಗುತ್ತದೆಂದು ಅಂದು ನನಗೆ ಕಣ್ಣಾರೆ ಕಂಡಿತು.

ಖಾಲಿ ಕೈಯಲ್ಲಿ ಕೂತಿದ್ದ ನಿಂಗೇಗೌಡರು, "ಇದ್ಯಾವ ಪುಣ್ಯಾತ್ಮ ತಂದಿದ್ದು ನಿಮ್ಮೂರ್ಗೆ?" ಎಂದು ಕೇಳಿದರು. ನಾನು ಆಕಾಶ ನೋಡಿದೆ. ಗುಂಡಿಯೊಳಗಿನಿಂದ ರಂಗಯ್ಯ ಬಾಯ್ತುಂಬ ಉಪ್ಪಿಟ್ಟಿಟ್ಟುಕೊಂಡೇ, "ಇವ್ರೇ ಸಾ! ಇವ್ರು ಬಾಸಣ ಮಾಡಿದ್ಕೇ ನಮ್ಗೆ ಕೂಲಿ. ಉಪ್ಪಿಟ್ಟೂ ಪಸಂದಾಗೈತೆ" ಎಂದ. ಅವ್ವ ನನ್ನನ್ನು ನೋಡಿದ ನೋಟಕ್ಕೆ ನಾನೇ ಹೋಗಿ ಗುಂಡಿಯಲ್ಲಿ ಕೂರಬೇಕೆನಿಸಿತು.

ಅಷ್ಟರಲ್ಲಿ ಒಳಗಿಂದ ಜಯ ಬಂದಳು. "ಬಂದೋರು ಉಪವಾಸ ಕುಂತವ್ರೆ, ನೀನು ಆಕಾಸ ನೋಡ್ತೀಯಲ್ಲಣ್ಣ!" ಎಂದವಳೇ ಸೆರಗು ಸಿಕ್ಕಿಸಿದಳು. ಅವ್ವ "ಬ್ಯಾಡ ಕಣೇ" ಎನ್ನುವುದರೊಳಗೆ ಎರಡು ಕೈಯಲ್ಲೂ ಕೇಸರಿಬಾತಿನ ತಟ್ಟೆ ಹಿಡಿದು ನೆಗೆದೇಬಿಟ್ಟಳು! ರಂಗಯ್ಯನ ರುಮಾಲಿನ ಮೇಲೆ ಒಂದು ದ್ರಾಕ್ಷಿಯೂ ಬೀಳಲಿಲ್ಲ. ಅವ್ವ ಕಣ್ಣು ಮುಚ್ಚಿಕೊಂಡಳು. ಸಂಬಂಧ ಹೋಯಿತೆಂದು ನಾನು ಮತ್ತೆ ಆಕಾಶ ನೋಡಿದೆ.

ನಿಂಗೇಗೌಡರು ತೊಡೆ ತಟ್ಟಿ ಎದ್ದು ನಿಂತರು. "ಇವ್ಳೇ ಕಣ್ರಮ್ಮ ನಮ್ಗೆ ಬೇಕಾದೋಳು! ನಮ್ಮನೆ ಮುಂದೂ ಇಂಥದ್ದೇ ಗುಂಡಿ ಐತೆ. ಇದಕ್ಕಿಂತ ಒಂದು ಮೊಳ ಜಾಸ್ತಿ. ಓದ್ವಾರ ನೋಡಿದ ಎಣ್ಣು ಒಸ್ಲು ದಾಟಕ್ಕೇ ನಾಚ್ಕತಿತ್ತು, ಅದನ್ನ ತಂದು ಏನ್ ಮಾಡಾನ?"

"ಅಲ್ಲಿ ಯಾರು ಬೆಂಬಲ ಕೊಟ್ಟಿದ್ದು?" ಎಂದು ನಾನು ಆಸೆಯಿಂದ ಕೇಳಿದೆ.

"ಇನ್ಯಾರು? ಇವ್ನೇ!" ಎಂದು ಅವರು ಹುಡುಗನ ಬೆನ್ನಿಗೆ ಗುದ್ದಿದರು. ಹುಡುಗ ತಲೆ ತಗ್ಗಿಸಿ ನಾಚಿದ. ಜಯ ಅವನನ್ನೂ ನನ್ನನ್ನೂ ಒಮ್ಮೆ ನೋಡಿ, ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವ್ವ ಮಾತ್ರ ಅತ್ತೇಬಿಟ್ಟಳು.

ಮದುವೆಯಾಯಿತು. ನಮ್ಮ ಮನೆ ಮುಂದಕ್ಕೆ ಚಪ್ಪಡಿಯೂ ಬಂತು. ಅರಕಲಗೂಡಿಗೆ ಇನ್ನೂ ಬಂದಿರಲಿಲ್ಲ. ಗೌರಿಹಬ್ಬಕ್ಕೆ ಸೀರೆ, ಅರಿಶಿನ ಕುಂಕುಮ ಹಿಡಿದು ತಂಗಿಯ ಮನೆಗೆ ಹೋದೆ. ಗುಂಡಿಯ ಈಚೆ ನಾನು, ಆಚೆ ಜಯಳ ಗಂಡ. ಇಬ್ಬರಿಗೂ ದಾಟುವ ಧೈರ್ಯವಿಲ್ಲ. ಒಬ್ಬರಿಗೊಬ್ಬರು ದೂರದಿಂದಲೇ ಕೈ ಮುಗಿದೆವು. ಜಯ ನೆಗೆದು ಬಂದು ಸೀರೆ ತೆಗೆದುಕೊಂಡಳು. ನನ್ನ ಕಾಲಿಗೆ ನಮಸ್ಕಾರ ಮಾಡಿ, "ನೀನು ಇಲ್ಲೇ ನಿಂತು ಬೆಂಬಲ ಕೊಡ್ತಿರು ಅಣ್ಣಯ್ಯ, ಹೋಳಿಗೆ ಇಲ್ಲಿಗೇ ತತ್ತೀನಿ" ಎಂದಳು.

ನಾನು ಬೀದಿಯಲ್ಲಿ ನಿಂತೇ ಕೈ ಎತ್ತಿದೆ.