ಸಾಹೇಬ್ರೆ, ಗಾಡಿ ಬಿಡ್ಲಾ?

"ನನ್ನ ಕೈಕೆಳಗಿನವರು." ಈ ಮಾತನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಎದೆ ತಾನಾಗಿಯೇ ಉಬ್ಬುತ್ತದೆ! ನನ್ನ ಷಡ್ಡಕನ ಎದೆಯಂತೂ ಸದಾ ಉಬ್ಬಿರುತ್ತಿತ್ತು. ಅವನು ಕೊರಟಗೆರೆಯ ಮಂಡಿಯೊಂದರಲ್ಲಿ ರೈಟರು. ದೀಪಾವಳಿಗೆ ಬರಗೂರಿನ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ, ಹೋಳಿಗೆಗೆ ತುಪ್ಪ ಬರುವ ಹೊತ್ತಿಗೆ ಸರಿಯಾಗಿ, "ನನ್ ಕೈಕೆಳ್ಗೆ ಮೂರ್ ಜನ ಅವ್ರೆ" ಎಂದ. ಅತ್ತೆ ಅವನಿಗೆ ಇನ್ನೊಂದು ಮಿಳ್ಳೆ ತುಪ್ಪ ಸುರಿದರು. ನನ್ನ ಎಲೆಯ ಬಳಿ ಬರುವಷ್ಟರಲ್ಲಿ ಮಿಳ್ಳೆ ಖಾಲಿ.

ನಾನು ಸಿರಾ–ಮಧುಗಿರಿ ಬಸ್ಸಿನ ಕಂಡಕ್ಟರು. ಎಷ್ಟೆಂದು ಸಹಿಸಲಿ?

"ನನ್ ಕೈಕೆಳ್ಗೂ ಒಬ್ಬ ಆಳವ್ನೆ. ಡ್ರೈವರು! ನಾನು ಹೇಳಿದ್ರೆ ಗಾಡಿ ಬುಡ್ತಾನೆ, ನಾನು ಹೇಳಿದ್ರೆ ನಿಲ್ಲಿಸ್ತಾನೆ" ಎಂದುಬಿಟ್ಟೆ.

ಸೀಟಿ ಊದುವವನು ನಾನೇ ಆದ್ದರಿಂದ ಇದರಲ್ಲಿ ಸುಳ್ಳೇನೂ ಇಲ್ಲವೆಂದು ನನಗೆ ನಾನೇ ತೀರ್ಪನ್ನೂ ದಯಪಾಲಿಸಿಕೊಂಡೆ. ತುಪ್ಪ ಬಂತು!

ಮಧುಗಿರಿಗೆ ಹಿಂದಿರುಗಿದ ಮೇಲೆ ಹೆಂಡತಿ ಪುಟ್ಟಮ್ಮ ತರಾಟೆಗೆ ತೆಗೆದುಕೊಂಡಳು.

"ಇಮಾಂ ಸಾಬಣ್ಣನ್ನ ಆಳು ಅಂದ್ಬುಟ್ರಾ? ನಿಮ್ಗೆ ಈ ಕೆಲ್ಸ ಕೊಡಿಸ್ದೋರು ಯಾರು?"

"ಬರಗೂರಲ್ಲಿ ಅಂದಿದ್ದು ಇಲ್ಲೀಗಂಟ ಕೇಳಿಸ್ತದಾ? ಸುಮ್ಕಿರು."

ಡ್ರೈವರ್ ಇಮಾಂ ಸಾಬರು ನನಗಿಂತ ಹಿರಿಯರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಯುದ್ಧದ ದೆಸೆಯಿಂದ ಪೆಟ್ರೋಲ್ ಸಿಗದೆ ನಮ್ಮ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ ಅದು. ಬಸ್ಸಿನ ಬೆನ್ನಿಗೆ ದೊಡ್ಡ ಒಲೆ, ಅದಕ್ಕೊಂದು ಕೈಯಲ್ಲಿ ತಿರುಗಿಸುವ ಗಾಳಿಚಕ್ರ. ಬಡವನಹಳ್ಳಿ ದಾಟಿ ದೊಡ್ಡ ಏರು ಹತ್ತುವ ಮೊದಲು, ಹುಣಸೆಮರದ ಕೆಳಗೆ ನಿಲ್ಲಿಸಿ ಗಾಳಿ ಹಾಕಲೇಬೇಕು. ಹಾಕುವವನು ನಾನು. ರಟ್ಟೆ ಬಿದ್ದುಹೋಗುವ ಹೊತ್ತಿಗೆ ಇಮಾಂ ಸಾಬರು ಪುಟ್ಟಮ್ಮನ ರೊಟ್ಟಿಗಂಟು ಬಿಚ್ಚಿಕೊಂಡು, "ಸಾಕು, ಬಾರೋ ತಮ್ಮಾ" ಎನ್ನುತ್ತಿದ್ದರು. ನನಗೆ ಒಡಹುಟ್ಟಿದ ಅಣ್ಣನಿಲ್ಲ. ಆ ಮಾತು ಕೇಳಿದರೆ ನೋವೆಲ್ಲ ಮಾಯವಾಗುತ್ತಿತ್ತು.

ಹೀಗಿರಲು ಒಂದು ಬೆಳಿಗ್ಗೆ ಸಿರಾದಲ್ಲಿ ಟಾಪಿನ ಮೇಲೆ ಗಂಟುಮೂಟೆ ಕಟ್ಟಿ ಕೆಳಗಿಳಿದರೆ, ಡ್ರೈವರ್ ಪಕ್ಕದ ಸೀಟಿನಲ್ಲಿ ಮಾವ! ಮಗಳನ್ನು ನೋಡಲು ಕಡಲೆಕಾಯಿ ಮೂಟೆಯೊಂದಿಗೆ ಹೊರಟಿದ್ದರು. ಆಗಲೇ ವಿಚಾರಣೆಯೂ ಶುರುವಾಗಿತ್ತು.

"ಏನಯ್ಯಾ, ನಮ್ ಅಳಿಯಂದ್ರ ಆಳು ನೀನೇನಾ? ಅವ್ರು ಹೇಳ್ದಂಗೆ ಕೇಳ್ಕಂಡಿದ್ದೀಯಾ?"

ಇಮಾಂ ಸಾಬರು ನನ್ನತ್ತ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ! ಕೆಳಗಿಳಿದು, ಸೊಂಟ ಬಗ್ಗಿಸಿ ಸಲಾಂ ಮಾಡಿ, "ಬನ್ನಿ ಸಾಹೇಬ್ರೆ" ಎಂದರು.

ನಾನು ಸೀಟಿ ಊದಿದೆ. ಗಾಡಿ ಅಲುಗಲಿಲ್ಲ.

"ಸೀಟಿ ಎಲ್ಲಾ ನಮ್ಮಂಥ ಆಳುಗಳಿಗೆ. ನೀವು ಬಾಯಲ್ಲಿ ಹುಕುಂ ಕೊಡಿ ಸಾಹೇಬ್ರೆ. ಗಾಡಿ ಬಿಡ್ಲಾ?"

"ಬುಡಿ... ಬುಡು" ಎಂದೆ. ಮಾವ ಮೀಸೆ ತಿರುವಿದರು.

ದಾರಿಯುದ್ದಕ್ಕೂ ಹುಕುಂಗಳೇ. "ಸಾಹೇಬ್ರೆ, ಕುರಿ ಬಂದ್ವು. ಹಾರನ್ ಹೊಡೀಲಾ?" "ಸಾಹೇಬ್ರೆ, ಕೆಮ್ಮು ಬಂತು. ಕೆಮ್ಲಾ?" ದಿನಾ ನಮ್ಮ ಬಸ್ಸಿನಲ್ಲೇ ಓಡಾಡುವ ಜನ ಕಿಸಕಿಸ ನಗುತ್ತಿದ್ದರು. ನಾನು ಬೆವರುತ್ತಾ ಅಪ್ಪಣೆ ಕೊಡುತ್ತಿದ್ದೆ.

ಹುಣಸೆಮರ ಬಂತು. ಈ ಸಲ ಅವರು ನಾಟಕ ಬಿಟ್ಟು, ಮೆಲ್ಲಗೆ ಕೇಳಿದರು. "ಇಲ್ಲಿ ನಿಲ್ಲಿಸಿ ಗಾಳಿ ಹಾಕೋಣ್ವಾ, ಇಲ್ಲಾ ಹಂಗೇ ಹತ್ಲಾ?"

ತಪ್ಪಾಯ್ತು ಭಾಯಿ ಎಂದು ಕೆಳಗಿಳಿದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವರು ನನಗೊಂದು ದಾರಿ ಬಿಟ್ಟೇ ಕೇಳಿದ್ದರು, ನನಗೆ ಗೊತ್ತಾಯಿತು. ಆದರೆ ಮಾವನ ಮುಂದೆ ಒಲೆ ಊದುವುದೇ? ಏರಿನ ಬುದ್ಧಿ ನನಗೂ ಅವರಷ್ಟೇ ಗೊತ್ತಿತ್ತು. ಆದರೂ ಗಂಭೀರವಾಗಿ ಆಜ್ಞಾಪಿಸಿದೆ.

"ಹತ್ತಿಸು!"

ಬಸ್ಸು ಅರ್ಧ ಏರು ಹತ್ತಿತು. ಗೊರ್ ಎಂದಿತು. ಸುಮ್ಮನಾಯಿತು. ಆಮೇಲೆ ಹಿಂದಕ್ಕೆ ಹೊರಟಿತು! ಹೆಂಗಸರು ಕೂಗಿಕೊಂಡರು, ಯಾರದೋ ಕೋಳಿ ನನ್ನ ತಲೆಯ ಮೇಲೆ ಹಾರಿತು. ಇಮಾಂ ಸಾಬರು ಬ್ರೇಕಿನ ಮೇಲೆ ನಿಂತೇಬಿಟ್ಟರು. ಚಕ್ರಕ್ಕೆ ಮರದ ತುಂಡು ಕೊಡುವುದು ಕಂಡಕ್ಟರನ ಕೆಲಸ. ಸಾಹೇಬರು ಧೂಳಿಗೆ ಧುಮುಕಿ, ಕೋಟು ಹರಿದುಕೊಂಡು, ತುಂಡು ಕೊಟ್ಟರು. ಬಸ್ಸು ನಿಂತಿತು.

ಅನಂತರ ಸಾಹೇಬರು ಗಾಳಿಚಕ್ರ ತಿರುಗಿಸಿದರು. ಮುಖವೆಲ್ಲ ಮಸಿಯಾಯಿತು. ಬ್ರೇಕು ಬಿಟ್ಟರೆ ಮತ್ತೆ ಜಾರುತ್ತದೆಂದು ಇಮಾಂ ಸಾಬರು ಸೀಟಿನಲ್ಲೇ ಕೂತಿದ್ದರು. ಮಾವ ಇಳಿದು ಬಂದು ನನ್ನನ್ನು ನೋಡಿದರು, ಅವರನ್ನು ನೋಡಿದರು.

"ಇದೇನಪ್ಪಾ ಇಂಗೆ? ಆಳು ಮೇಲ್ಗಡೆ ಕುಂತವ್ನೆ, ಧಣಿ ಮಸಿ ಬಳ್ಕಂಡು ತಿರುವ್ತಾವ್ನೆ! ಯಾರ್ ಕೈಕೆಳ್ಗೆ ಯಾರವ್ರೆ?"

ನಾನು ಬಾಯಿ ತೆರೆದೆ. ಹೊಗೆ ಹೊಕ್ಕಿತು. ಉತ್ತರ ಕೊಟ್ಟವರು ಇಮಾಂ ಸಾಬರು.

"ಸಾಹೇಬ್ರೇ ದೊಡ್ಡೋರು ಯಜಮಾನ್ರೆ. ಒಲೆ ದುಬಾರಿ ಸಾಮಾನು. ಆಳುಗಳು ಮುಟ್ಟೋ ಹಂಗಿಲ್ಲ, ಕಂಪನಿ ಕಾನೂನು."

ನನ್ನ ಸುಳ್ಳನ್ನು ಅವರೇ ಕಾಪಾಡಿದರು! ನಾಚಿಕೆಯಿಂದ ಸಾಯುವಂತಾಯಿತು. ಅದಕ್ಕಿಂತ ನಾಚಿಕೆಯೆಂದರೆ, ಮಾವ ನಂಬಿದ್ದು ಕಂಡು ಒಳಗೊಳಗೇ ಹಾಯೆನಿಸಿದ್ದು.

ಮಧುಗಿರಿಯಲ್ಲಿ ಪುಟ್ಟಮ್ಮ ಅಪ್ಪನನ್ನು ಎದುರುಗೊಳ್ಳಲು ಬಂದಿದ್ದಳು. ನಾನು ಕೈಯಿಡುವ ಮೊದಲೇ ಇಮಾಂ ಸಾಬರು ಕಡಲೆಕಾಯಿ ಮೂಟೆ ಹೆಗಲಿಗೇರಿಸಿ, ನಮ್ಮ ಮನೆಯ ಜಗುಲಿಯವರೆಗೆ ಹೊತ್ತು ತಂದು ಇಳಿಸಿದರು.

"ನಿನ್ ಆಳು ಬಲೇ ನಿಯತ್ತಿನೋನು ಕಣಪ್ಪಾ" ಎಂದರು ಮಾವ.

ಪುಟ್ಟಮ್ಮ ರಾತ್ರಿ ಅಪ್ಪನಿಗೆ ತುಪ್ಪ ಬಡಿಸಿ, ನನ್ನ ಎಲೆ ದಾಟಿ ಒಳಗೆ ಹೋದಳು.

ಮರುದಿನದಿಂದ ಹುಣಸೆಮರ ಬರುವುದೇ ತಡ, ಬಸ್ಸು ನಿಲ್ಲುವ ಮೊದಲೇ ನಾನು ಹಾರಿ, ಯಾರೂ ಹೇಳದೆ ಗಾಳಿಚಕ್ರ ಹಿಡಿಯತೊಡಗಿದೆ. ತಪ್ಪಾಯ್ತು ಭಾಯಿ ಎಂದು ಕಾಲು ಹಿಡಿಯುವುದೊಂದು ಬಾಕಿ, ಉಳಿದಂತೆ ಎಲ್ಲ ರೀತಿಯಲ್ಲೂ ಬೇಡಿಕೊಂಡಿದ್ದೇನೆ. ಅವರಿಗೆ ಕೋಪವೇನೂ ಕಾಣದು. ತಂಗಿ ಪುಟ್ಟಮ್ಮ ಕಳಿಸಿದ ರೊಟ್ಟಿ ಎಂದು ಈಗಲೂ ತಿನ್ನುತ್ತಾರೆ, ನನ್ನ ಪಾಲು ಎತ್ತಿಡುತ್ತಾರೆ. ಸಿರಾದಿಂದ ಮಧುಗಿರಿಯವರೆಗೆ ಈಗ ಎಲ್ಲರೂ ನನ್ನನ್ನು ಸಾಹೇಬ್ರೆ ಎಂದೇ ಕರೆಯುತ್ತಾರೆ. ಇಡೀ ಮೈಸೂರು ಸೀಮೆಯಲ್ಲಿ ಮುಖಕ್ಕೆ ಮಸಿ ಮೆತ್ತಿಕೊಂಡು ಒಲೆ ಊದುವ ಸಾಹೇಬ ನಾನೊಬ್ಬನೇ ಇರಬೇಕು!

ನಿನ್ನೆಯೂ ರಟ್ಟೆ ಬಿದ್ದುಹೋಗುವವರೆಗೆ ತಿರುಗಿಸಿದೆ. ಕಿವಿ ಮಾತ್ರ ಮುಂದುಗಡೆಯೇ ಇತ್ತು. ರೊಟ್ಟಿಗಂಟು ಬಿಚ್ಚುತ್ತಾ ಇಮಾಂ ಸಾಬರು ಕೂಗಿದರು.

"ಸಾಕು, ಬನ್ನಿ ಸಾಹೇಬ್ರೆ."